ಕರೂರಿನ ಮೇಲೆ ಹಾದುಹೋದ ಗೆರೆಗಳು

1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ಕೊಟ್ಟ ವರದಿ ಹಾಗೇ ಜಾರಿಯಾಗಿದ್ದರೆ ಸಿರುಗುಪ್ಪ ತಾಲ್ಲೂಕಿನ ಕರೂರು ಇಂದು ಆಂಧ್ರದಲ್ಲಿರುತ್ತಿತ್ತು. ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಇದ್ದ ಆ ಆಯೋಗ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲ್ಲೂಕುಗಳನ್ನೂ ಮಲ್ಲಾಪುರದ ಒಂದಿಷ್ಟು ಭಾಗವನ್ನೂ ಆಂಧ್ರಕ್ಕೆ ಕೊಡಬೇಕೆಂದು ಶಿಫಾರಸು ಮಾಡಿತ್ತು. ಅದರ ಕಣ್ಣು ನೆಟ್ಟಿದ್ದು ತುಂಗಭದ್ರಾ ಅಣೆಕಟ್ಟು ಮತ್ತು ಅದರ ಕಾಲುವೆಗಳ ಮೇಲೆ. ಕನ್ನಡಿಗರು ಸುಮ್ಮನಿರಲಿಲ್ಲ, ಕೇಂದ್ರ ಸರ್ಕಾರ ಆ ಮಾತನ್ನು ಒಪ್ಪಲಿಲ್ಲ. ಜನರಾಡುವ ಮಾತು ನೋಡಿ ಗೆರೆ ಎಳೆಯಬೇಕೋ, ನೀರು ಹರಿಯುವ ದಾರಿ ನೋಡಿ ಎಳೆಯಬೇಕೋ ಎಂಬ ಪ್ರಶ್ನೆ ಮಾತ್ರ ಈ ಸೀಮೆಯಲ್ಲಿ ಅಂದಿಗೆ ಮುಗಿಯಲಿಲ್ಲ.

ನೆಲದ ಲೆಕ್ಕಕ್ಕೆ ಬಂದರೆ ಇದೆಲ್ಲ ಒಂದೇ ಸೀಮೆ. ಬಳ್ಳಾರಿಯಿಂದ ಆದೋನಿಯವರೆಗೆ ಎರೆಹೊಲ. ನಡುನಡುವೆ ಬೋಳು ಬಂಡೆಗುಡ್ಡಗಳು. ಇವು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟು. ಬಳ್ಳಾರಿ ಕೋಟೆ ನಿಂತ ಗುಡ್ಡ, ಕುರುಗೋಡಿನ ಗುಡ್ಡಗಳು, ತೆಕ್ಕಲಕೋಟೆಯ ಗುಡ್ಡಗಳು ಎಲ್ಲವೂ ಈ ಗ್ರಾನೈಟು ಸೀಮೆಯವೇ. ಸಂಗನಕಲ್ಲಿನ ಹಿರೇಗುಡ್ಡದಲ್ಲಿ ಗ್ರಾನೈಟನ್ನು ಸೀಳಿಕೊಂಡು ಒಂದು ಕರಿಕಲ್ಲಿನ ಪಟ್ಟಿ ಹಾದುಹೋಗಿದೆ. ನವಶಿಲಾಯುಗದ ಜನ ಕೊಡಲಿ ಮಾಡಿಕೊಂಡದ್ದು ಆ ಕಲ್ಲಿನಲ್ಲೇ. ಅದೇ ಕರಿಬಂಡೆಗಳ ಮೇಲೆ ಗೂಳಿಗಳ ಚಿತ್ರ ಕುಟ್ಟಿದ್ದಾರೆ. ಕೆಲವನ್ನು ಕಲ್ಲಿನಿಂದ ಬಡಿದರೆ ಗಂಟೆಯಂತೆ ನಾದ ಹೊಮ್ಮುತ್ತದೆ. ಕುಡತಿನಿಯಲ್ಲಿ ಅದೇ ಕಾಲದ ದನಗಾಹಿಗಳು ಸುಟ್ಟ ಸಗಣಿಯ ಬೂದಿದಿಬ್ಬವಿದೆ. ಮಳೆ ಕಡಿಮೆಯಾದರೂ ದನಕ್ಕೆ ಮೇವು, ಗುಡ್ಡದಡಿಯಲ್ಲಿ ನೀರು ಸಿಗುತ್ತಿದ್ದ ನಾಡಿದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಆ ಮಳೆಯಾದರೂ ಎಷ್ಟು? ವರ್ಷಕ್ಕೆ ಸರಾಸರಿ 500 ಮಿಲಿಮೀಟರಿನ ಆಸುಪಾಸು. ಅದೂ ಕೈಕೊಟ್ಟ ವರ್ಷಗಳಲ್ಲಿ ಏನಾಯಿತೆಂಬುದನ್ನು ಜನಗಣತಿ ಹೇಳುತ್ತದೆ. 1876-78ರ ಬರದ ನಂತರ, ಅನಂತಪುರವೂ ಸೇರಿದ್ದ ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ ಹತ್ತು ವರ್ಷದ ಹಿಂದಿನ ಗಣತಿಗೆ ಹೋಲಿಸಿದರೆ ಐದರಲ್ಲೊಂದು ಪಾಲು ಜನ ಕಡಿಮೆಯಾಗಿದ್ದರು.

ಇಂಥ ಒಂದೇ ನೆಲದ ಮೇಲೆ ಎಷ್ಟು ಸಲ ಗೆರೆ ಎಳೆದಿದ್ದಾರೆ! 1800ರಲ್ಲಿ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ದತ್ತ ಮಂಡಲವೆಂದು ಹೆಸರಾದ ಇದಕ್ಕೆ ಥಾಮಸ್ ಮನ್ರೋ ಕಲೆಕ್ಟರನಾಗಿ ಬಂದ. 1808ರಲ್ಲಿ ಬಳ್ಳಾರಿ ಬೇರೆ ಜಿಲ್ಲೆಯಾಯಿತು, 1882ರಲ್ಲಿ ಅದರಿಂದ ಅನಂತಪುರ ಒಡೆಯಿತು. ನಡುವೆ ಘೋರ್ಪಡೆಯವರ ಸಂಡೂರು ಸಂಸ್ಥಾನ 1949ರವರೆಗೆ ಬೇರೆಯಾಗಿಯೇ ಇತ್ತು. ತುಂಗಭದ್ರೆಯ ಆಚೆ ದಡ ನಿಜಾಮನದು, ಈಚೆ ದಡ ಮದ್ರಾಸಿನದು. ಸಿರುಗುಪ್ಪದವರಿಗೆ ಹೊಳೆಯಾಚೆಯ ಸಿಂಧನೂರು ಸೀಮೆ ಹತ್ತಿರವೇ ಇದ್ದರೂ ಬೇರೆ ರಾಜ್ಯ.

1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಉಳಿದ ತಾಲ್ಲೂಕುಗಳು ಮೈಸೂರಿಗೆ ಬಂದವು. ಬಳ್ಳಾರಿ ತಾಲ್ಲೂಕಿನ ವ್ಯಾಜ್ಯ ನ್ಯಾಯಮೂರ್ತಿ ಮಿಶ್ರಾ ಅವರ ಮುಂದೆ ಹೋಗಿ ಇತ್ಯರ್ಥವಾಯಿತು. ವಿಲೀನದ ಸಂಭ್ರಮಕ್ಕೆ ಹಾಕಿದ್ದ ಚಪ್ಪರ ಕಾಯುತ್ತಿದ್ದ ಪಿಂಜಾರ ರಂಜಾನ್ ಸಾಬ್ ದುಷ್ಕರ್ಮಿಗಳ ದಾಳಿಗೆ ಬಲಿಯಾದರು. ರಾಜ್ಯೋತ್ಸವದ ಭಾಷಣಗಳಲ್ಲಿ ಅವರ ಹೆಸರು ಇನ್ನೂ ಎಷ್ಟೋ ಹೆಚ್ಚು ಸಲ ಕೇಳಬೇಕಿತ್ತು.

ಗಡಿಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳದ್ದು ಹಗರಿ. ಬಾಬಾಬುಡನ್ ಗಿರಿಯ ಕಡೆ ಹುಟ್ಟಿ, ವೇದಾವತಿ ಎನಿಸಿಕೊಂಡು ಮಾರಿಕಣಿವೆಯಲ್ಲಿ ತಡೆದು ನಿಂತು, ಆಂಧ್ರಕ್ಕೆ ಹೋಗಿ ಮತ್ತೆ ಬಳ್ಳಾರಿಗೆ ಮರಳಿ, ಕೊನೆಗೆ ಸಿರುಗುಪ್ಪ ಸೀಮೆಯಲ್ಲಿ ತುಂಗಭದ್ರೆ ಸೇರುತ್ತದೆ. ಈ ನದಿಯ ನೀರಿನ ತಕರಾರೂ ಹಳೆಯದೇ. ಮೈಸೂರು ಮತ್ತು ಮದ್ರಾಸಿನ ನಡುವಿನ 1892ರ ಒಪ್ಪಂದದಲ್ಲಿ ಕಾವೇರಿಯ ಜೊತೆ ಹಗರಿಯ ಹೆಸರೂ ಇದೆ. ವರ್ಷದ ಬಹುಪಾಲು ಹಗರಿಯೆಂದರೆ ಮರಳೇ. ಹಿಂದೆ ಮುಂಗಾರು ಗಾಳಿಗೆ ಆ ಮರಳೆದ್ದು ದಡದ ಹೊಲಗಳ ಮೇಲೆ ದಿಣ್ಣೆ ಕಟ್ಟುತ್ತಿತ್ತು.

ಆ ಮರಳಿನ ಹೊಳೆಯ ಮೇಲೆ, ಬಳ್ಳಾರಿ ತಾಲ್ಲೂಕಿನ ಬೈರದೇವನಹಳ್ಳಿ ಹತ್ತಿರ, ಕಂಬಗಳ ಮೇಲೆ ಇನ್ನೊಂದು ಹೊಳೆಯೇ ಹರಿಯುತ್ತದೆ. ಅದು ತುಂಗಭದ್ರಾ ಕೆಳಮಟ್ಟದ ಕಾಲುವೆಯ ಮೇಲ್ಗಾಲುವೆ. ರೈತರ ಬಾಯಲ್ಲಿ ಬರೀ ‘ಎಲ್ಎಲ್‌ಸಿ’. ಹೊಸಪೇಟೆಯಲ್ಲಿ ಹೊರಟ ನೀರು ನಮ್ಮ ಹೊಲಗಳಿಗೂ ಉಣಿಸುತ್ತಾ ಹಗರಿ ದಾಟಿ ಆದೋನಿ, ಕರ್ನೂಲಿನ ಕಡೆ ಸಾಗುತ್ತದೆ. 2022ರ ಅಕ್ಟೋಬರಿನಲ್ಲಿ ಹಗರಿ ಅಪರೂಪಕ್ಕೆ ದಡ ಮೀರಿ ಬಂದಾಗ ಆ ಮೇಲ್ಗಾಲುವೆಯ ಕಂಬ ಕುಸಿಯಿತು. ಕೆಳಗೆ ಪ್ರವಾಹ, ಮೇಲಿನ ಕಾಲುವೆಯಲ್ಲಿ ನೀರು ಬಂದ್. ಬೆಳೆ ಒಣಗುವ ಆತಂಕ ಎರಡೂ ರಾಜ್ಯದ ರೈತರಿಗೆ ಒಂದೇ ದಿನ ಬಂತು. ಭೂಗೋಳದ ಪಾಠ ಹೇಳುವ ಮೇಷ್ಟರು ಮಕ್ಕಳನ್ನು ಮೊದಲು ಕರೆತರಬೇಕಾದ್ದು ಈ ಜಾಗಕ್ಕೆ.

ಕಾಲುವೆ ಬಂದ ಮೇಲೆ ಈ ಸೀಮೆಯ ಚಹರೆಯೇ ಬದಲಾಯಿತು. ವಿಜಯನಗರದ ಕಾಲದಿಂದಲೂ ಸಿರುಗುಪ್ಪ, ದೇಶನೂರಿನ ಕಾಲುವೆಗಳು ಹೊಳೆದಂಡೆಯ ಗದ್ದೆಗಳಿಗೆ ನೀರುಣಿಸುತ್ತಿದ್ದವು, ನಿಜ. ಆದರೆ ಜೋಳ, ನವಣೆ, ಹತ್ತಿಯ ಎರೆಹೊಲಗಳೆಲ್ಲ ಭತ್ತದ ಗದ್ದೆಯಾದದ್ದು 1953ರ ನಂತರವೇ. ಆಂಧ್ರದ ಕರಾವಳಿಯಿಂದ ಬಂದ ರೈತರು ಹೂಡಿದ ‘ಕ್ಯಾಂಪು’ಗಳು ಇಂದು ಊರುಗಳೇ ಆಗಿವೆ. ಸಂತೆಯಲ್ಲಿ ಕನ್ನಡದ ಮಾತು ಅರ್ಧಕ್ಕೆ ತೆಲುಗಿಗೆ ಹೊರಳುವುದು ಇಲ್ಲಿ ಯಾರ ಗಮನಕ್ಕೂ ಬರುವುದಿಲ್ಲ. ಭಾಷೆಯ ಹೆಸರಿನ ಜಗಳ ಊರ ಮಟ್ಟದಲ್ಲಿ ಎಂದೋ ಆರಿದೆ. ಉಳಿದಿರುವುದು ನೀರಿನದು, ಅದಿರಿನದು.

ಅದಿರಿನ ಕಡೆಯಂತೂ ಓಬಳಾಪುರಂ ಸುತ್ತ ಗಣಿಗಾರಿಕೆಯಲ್ಲಿ ಅಂತರರಾಜ್ಯ ಗಡಿಯ ಗುರುತುಗಳೇ ಅಳಿಸಿಹೋದವು. ವಿಷಯ ಸುಪ್ರೀಂ ಕೋರ್ಟ್ ಮುಟ್ಟಿ, ಸರ್ವೆ ಆಫ್ ಇಂಡಿಯಾ ಹೊಸದಾಗಿ ಅಳೆಯಬೇಕಾಯಿತು. ಗುಡ್ಡವನ್ನೇ ಅಗೆದ ಮೇಲೆ ಗಡಿಕಲ್ಲು ಎಲ್ಲಿ ನಿಲ್ಲುತ್ತದೆ?

ಒಳಗಿನ ಗೆರೆಗಳೂ ನಿಂತಿಲ್ಲ. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಅತ್ತ ಹೋಯಿತು. 1800ರ ನಂತರ ಬಳ್ಳಾರಿ ನಿಜಾಮನ ಹೈದರಾಬಾದ್ ರಾಜ್ಯದಲ್ಲಿ ಇರದಿದ್ದರೂ, ಹೈದರಾಬಾದ್ ಕರ್ನಾಟಕಕ್ಕೆಂದು ಮಾಡಿದ ಸಂವಿಧಾನದ 371ಜೆ ವಿಧಿಯ ಸೌಲಭ್ಯಕ್ಕೆ ಸೇರಿತು. ಹಿಂದುಳಿದಿರುವಿಕೆಯನ್ನು ನೋಡಿದರೆ ಅದು ಸರಿಯಾದ ನಿರ್ಧಾರವೇ.

ಒಣ ನಾಡಿನಲ್ಲಿ ನದಿ ಹಂಚಿಕೊಳ್ಳುವ ಕಷ್ಟ ನಮಗಷ್ಟೇ ಅಲ್ಲ. ಆಸ್ಟ್ರೇಲಿಯಾದಲ್ಲಿ ಮರ್ರೆ ನದಿಯೇ ಎರಡು ರಾಜ್ಯಗಳ ಗಡಿ. ಬಳಿಕ ಅದು ಮೂರನೆಯ ರಾಜ್ಯಕ್ಕೆ ಹರಿಯುತ್ತದೆ. ಆ ಮೂರೂ ರಾಜ್ಯಗಳು ಒಕ್ಕೂಟ ಸರ್ಕಾರದೊಂದಿಗೆ 1915ರಲ್ಲೇ ಕೂತು ಒಪ್ಪಂದ ಮಾಡಿಕೊಂಡವು, ಕಾಲಕ್ಕೆ ತಕ್ಕಂತೆ ತಿದ್ದಿಕೊಳ್ಳುತ್ತಲೂ ಬಂದವು. ನಮ್ಮಲ್ಲೂ ಅಣೆಕಟ್ಟನ್ನು ನೋಡಿಕೊಳ್ಳಲು ತುಂಗಭದ್ರಾ ಮಂಡಳಿಯಿದೆ. ಆದರೂ ಜಲಾಶಯದಲ್ಲಿ ಹೂಳು ತುಂಬಿ, 130 ಟಿಎಂಸಿ ಅಡಿಗೂ ಮೀರಿದ್ದ ಸಾಮರ್ಥ್ಯ 105ರ ಹತ್ತಿರಕ್ಕೆ ಕುಸಿದಿದೆ. 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ 19ನೇ ಗೇಟು ಕೊಚ್ಚಿಹೋದಾಗ ತುಂಬಿದ ಜಲಾಶಯದ ನೀರನ್ನು ಕಣ್ಣೆದುರೇ ಹೊಳೆಗೆ ಬಿಡಬೇಕಾಯಿತು. ಹೂಳಿನ ನಷ್ಟ ತುಂಬಲು ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟುವ ಪ್ರಸ್ತಾವ ವರ್ಷಗಳಿಂದ ಮಾತಿನಲ್ಲೇ ಉಳಿದಿದೆ. ಕರ್ನಾಟಕ, ಆಂಧ್ರ, ತೆಲಂಗಾಣದ ಮುಖ್ಯಮಂತ್ರಿಗಳು ಒಟ್ಟಿಗೆ ಕೂತು ಅದನ್ನು ತೀರ್ಮಾನಿಸಲಿ. ಅಷ್ಟರೊಳಗೆ ಕಾಲುವೆ ದುರಸ್ತಿಯಾಗಲಿ, ಗೇಟುಗಳು ಭದ್ರವಾಗಲಿ. ಕರೂರಿನ ರೈತರೂ ಆಲೂರಿನ ರೈತರೂ ಕೇಳುತ್ತಿರುವುದು ಇಷ್ಟನ್ನೇ.