ರಸ್ತೆಗೆ ಹೊಡೆದ ಕೊರಡು

ಉತ್ತ ಹೊಲದ ಹೆಂಟೆ ಒಡೆದು ಸಮ ಮಾಡಲು ಎತ್ತಿಗೆ ಕೊರಡು ಕಟ್ಟಿ ಎಳೆಸುವುದು ನಮ್ಮ ರೈತರಿಗೆ ಹೊಸದಲ್ಲ. ಅಂಥದೇ ಕೊರಡನ್ನು ಊರ ರಸ್ತೆಯ ಮೇಲೆ ಎಳೆಸಿ ಹೆಸರಾದವರು ಅಮೆರಿಕದ ಮಿಸ್ಸೌರಿ ರಾಜ್ಯದ ರೈತ ಡಿ. ವಾರ್ಡ್ ಕಿಂಗ್. ಮಳೆ ಬಿದ್ದರೆ ಗಾಡಿಚಕ್ರ ಹೂತುಹೋಗುವ ಜಿಗುಟು ಮಣ್ಣಿನ ಸೀಮೆ ಅದು. 1896ರಲ್ಲಿ ಮೇಟ್‌ಲೆಂಡ್ ಬಳಿಯ ತಮ್ಮ ಮನೆಮುಂದಿನ ದಾರಿಯಿಂದಲೇ ಅವರು ಕೆಲಸ ಶುರು ಮಾಡಿದರು.

ಅವರು ಹೇಳಿಕೊಟ್ಟ ಸಾಧನ ಇಷ್ಟೇ: ಏಳೆಂಟು ಅಡಿ ಉದ್ದದ ದಿಮ್ಮಿಯನ್ನು ಉದ್ದುದ್ದ ಸೀಳಿ, ಎರಡು ಹೋಳನ್ನೂ 30 ಅಂಗುಲ ಅಂತರದಲ್ಲಿ ಒಂದರ ಹಿಂದೊಂದು ನಿಲ್ಲಿಸಿ, ನಡುವೆ ಗೂಟ ಬಡಿಯುವುದು. ಮೇಲೊಂದು ಹಲಗೆ ಹಾಸಿ ಅದರ ಮೇಲೆ ನಿಂತು ಕುದುರೆ ಹೊಡೆಯುವುದು. ಗುಟ್ಟು ಸರಪಳಿಯಲ್ಲಿತ್ತು. ಕೊರಡು ಓರೆಯಾಗಿ ಎಳೆಯುವಂತೆ ಕಟ್ಟಿದರೆ ಅಂಚಿನ ಮಣ್ಣು ತಾನಾಗಿ ನಡುವಿಗೆ ಸರಿಯುತ್ತದೆ. ರಸ್ತೆಗೆ ಆಮೆಬೆನ್ನು ಬರುತ್ತದೆ, ನೀರು ಎರಡೂ ಬದಿಗೆ ಇಳಿಯುತ್ತದೆ. ಮಣ್ಣು ಹಸಿಯಾಗಿರಬೇಕು, ಆದರೆ ಅಂಟಬಾರದು. ಆ ಹದದಲ್ಲೇ ಎಳೆಯಬೇಕು. 1908ರಲ್ಲಿ ಅಮೆರಿಕದ ಕೃಷಿ ಇಲಾಖೆ ಈ ವಿಧಾನವನ್ನು ರೈತರಿಗಾಗಿ ಕಿರುಹೊತ್ತಗೆಯಾಗಿ ಅಚ್ಚು ಹಾಕಿಸಿತು.

ಕುದುರೆ ಹೋಗಿ ಟ್ರ್ಯಾಕ್ಟರ್ ಬಂತು, ಮರ ಹೋಗಿ ಕಬ್ಬಿಣ ಬಂತು. ಜಲ್ಲಿರಸ್ತೆಯ ಕೊನೆಯಲ್ಲಿ ಮನೆಯಿರುವ ಅಲ್ಲಿನ ರೈತರು ಹಳೆಯ ರೈಲುಕಂಬಿ, ಐ-ಬೀಮ್, ಸವೆದ ಗ್ರೇಡರ್ ಬ್ಲೇಡಿನ ತುಂಡುಗಳನ್ನು ಗುಜರಿಯಿಂದ ತಂದು ಈಗಲೂ ತಾವೇ ವೆಲ್ಡ್ ಮಾಡಿಕೊಳ್ಳುತ್ತಾರೆ. ಈ ಕೈಕೆಲಸದ ಹಿಂದಿರುವ ಬುದ್ಧಿಯನ್ನು ನಾವು ನೋಡಿ ಕಲಿಯಬೇಕು.

ಟ್ರ್ಯಾಕ್ಟರಿನ ಹಿಂದೆ ಬರೀ ಬ್ಲೇಡ್ ಕಟ್ಟಿದವರಿಗೆ ಅದರ ತೊಂದರೆ ಗೊತ್ತು. ಮುಂದಿನ ಗಾಲಿ ದಿಬ್ಬ ಹತ್ತಿದರೆ ಹಿಂದಿನ ಬ್ಲೇಡ್ ನೆಲಕ್ಕೆ ಕಚ್ಚುತ್ತದೆ, ಗಾಲಿ ಗುಂಡಿಗಿಳಿದರೆ ಬ್ಲೇಡ್ ಮೇಲೇಳುತ್ತದೆ. ಸಮ ಮಾಡಲು ಹೋದವರು ಹೊಸ ಅಲೆ ಎಬ್ಬಿಸಿ ಬರುತ್ತಾರೆ. ಇದಕ್ಕೆ ಪರಿಹಾರ ಉದ್ದ. ಎರಡು ಬದಿಗೆ ಐದಾರು ಅಡಿಯ ಕಬ್ಬಿಣದ ಜಾರುಪಟ್ಟಿ, ನಡುವೆ ಓರೆಯಾಗಿ ಎರಡು ಬ್ಲೇಡ್. ಜಾರುಪಟ್ಟಿ ಗುಂಡಿಯ ಮೇಲೆ ಸೇತುವೆಯಂತೆ ಹಾಯುತ್ತದೆ. ಬ್ಲೇಡ್ ದಿಬ್ಬವನ್ನಷ್ಟೇ ಕೊಯ್ದು, ಹೊತ್ತು ತಂದ ಜಲ್ಲಿಯನ್ನು ಗುಂಡಿಗೆ ಸುರಿಯುತ್ತದೆ. ಬಡಗಿಯ ಉದ್ದನೆಯ ಉಜ್ಜುಗೊರಡು ಹಲಗೆಯನ್ನು ನೇರ ಮಾಡುವುದೂ ಹೀಗೆಯೇ.

ಜಲ್ಲಿರಸ್ತೆಯಲ್ಲಿ ಹಲ್ಲು ಕಡಿಸುವ ಆ ಸಾಲುಸಾಲು ಏರಿಳಿತ ಎಲ್ಲಿಂದ ಬರುತ್ತದೆ? ಟಬರ್ಲೆ, ಮಾರಿಸ್, ಮ್ಯಾಕೆಲ್ವೇನ್ ಎಂಬ ವಿಜ್ಞಾನಿಗಳು ಮರಳು ಹಾಸಿದ ತಿರುಗುವ ಮೇಜಿನ ಮೇಲೆ ಗಾಲಿ ಉರುಳಿಸಿ, 2007ರಲ್ಲಿ ಉತ್ತರ ಪ್ರಕಟಿಸಿದರು: ವೇಗ ಒಂದು ಮಿತಿ ದಾಟಿದರೆ ಸಾಕು, ಗಾಲಿಗೆ ಸ್ಪ್ರಿಂಗ್ ಇಲ್ಲದಿದ್ದರೂ ಅಲೆ ಹುಟ್ಟುತ್ತದೆ. ಮೂಡಿದ ಅಲೆಯ ನೆತ್ತಿ ಸವರಿದರೆ ಅದು ಮತ್ತೆ ಅಲ್ಲೇ ಏಳುತ್ತದೆ. ಅದರ ತಳದವರೆಗೂ ಕೆರೆದು ಜಲ್ಲಿಯನ್ನು ಹೊಸದಾಗಿ ಕಲಸಿ ಹರಡಬೇಕು. ಅದಕ್ಕೇ ಕೆಲವರು ಬ್ಲೇಡಿನ ಮುಂದೆ ಕೆರೆಯುವ ಹಲ್ಲುಗಳನ್ನೂ ಕೂಡಿಸುತ್ತಾರೆ.

ನಮ್ಮ ತೋಟದ ದಾರಿಗಳಿಗೂ ಗರಸು ಹಾಕಿದ ಹೊಲದ ದಾರಿಗಳಿಗೂ ಇದೇ ಲೆಕ್ಕ ಸಲ್ಲುತ್ತದೆ. ಟ್ರ್ಯಾಕ್ಟರ್ ಮನೆಯಲ್ಲಿದೆ, ವೆಲ್ಡಿಂಗ್ ಅಂಗಡಿ ಪಕ್ಕದ ಊರಲ್ಲಿದೆ. ಮಾಡಿಸುವುದಾದರೆ ಉದ್ದದಲ್ಲಿ ಜಿಪುಣತನ ಬೇಡ. ಮೊದಲ ಮಳೆ ಬಿದ್ದು ಮಣ್ಣು ಹದಕ್ಕೆ ಬಂದ ದಿನ, ನಿಧಾನವಾದ ಗೇರಿನಲ್ಲಿ, ಅಂಚಿನಿಂದ ನಡುವಿಗೆ ಎಳೆಯಿರಿ. 12 ಅಡಿ ಅಗಲದ ದಾರಿಗೆ ನಡುವೆ ಮೂರು ಅಂಗುಲ ಎತ್ತರ ಸಿಕ್ಕರೆ ನೀರು ನಿಲ್ಲುವುದಿಲ್ಲ.