ಹ್ಯೂಸ್ಟನ್‌ನಲ್ಲಿ ನಡೆದು ಹೊರಟವರಿಗೆ ದಾರಿ ಯಾಕಿಲ್ಲ?

ಹೋಟೆಲಿನ ಕಿಟಕಿಯಿಂದಲೇ ದಿನಸಿ ಅಂಗಡಿಯ ಬೋರ್ಡು ಕಾಣ್ತಿತ್ತು. ಮಧ್ಯೆ ಒಂದು ಫ್ರೀವೇ, ಅಷ್ಟೇ. ಹಾಲು, ಬಾಳೆಹಣ್ಣು ತರೋಣ ಅಂತ ಹೊರಟೆ. ಈ ‘ಅಷ್ಟೇ’ ಎಷ್ಟು ಅನ್ನೋದು ಹತ್ತು ನಿಮಿಷದಲ್ಲಿ ಗೊತ್ತಾಯ್ತು. ಇಲ್ಲಿ ಫ್ರೀವೇಯ ಎರಡೂ ಪಕ್ಕ ‘ಫೀಡರ್’ ಅನ್ನೋ ಸರ್ವಿಸ್ ರಸ್ತೆ ಇರುತ್ತೆ. ಅಂಗಡಿ, ಹೋಟೆಲುಗಳು ಅದಕ್ಕೇ ಮುಖಮಾಡಿ ನಿಂತಿವೆ. ಆಚೆ ದಾಟಬೇಕಾದರೆ ಮುಂದಿನ ಅಂಡರ್‌ಪಾಸ್ ತನಕ ನಡೆಯಬೇಕು. ಊರಿನ ಪಶ್ಚಿಮಕ್ಕೆ ಹೋಗುವ ಕೇಟಿ ಫ್ರೀವೇ 2008ರ ವಿಸ್ತರಣೆಯ ನಂತರ, ಫೀಡರ್‌ಗಳೂ ಸೇರಿ, ಕೆಲವು ಕಡೆ 26 ಲೇನ್ ಅಗಲವಾಗಿದೆ!

ಫುಟ್‌ಪಾತ್ ಕಂತುಕಂತಾಗಿ ಸಿಕ್ಕಿತು. ಒಂದು ಬ್ಯಾಂಕಿನ ಮುಂದೆ ನುಣುಪಾದ ಕಾಂಕ್ರೀಟು, ಅದರ ಗಡಿ ಮುಗಿದ ಕೂಡಲೇ ಹುಲ್ಲು, ಕೆಸರು. ಕಾರಣ ಸರಳ. ಅಲ್ಲಿ ಫುಟ್‌ಪಾತ್ ದುರಸ್ತಿಯ ಹೊಣೆ ಪಕ್ಕದ ಜಾಗದ ಮಾಲೀಕರದ್ದು. ಕಾರು ಓಡುವ ರಸ್ತೆ ಸರ್ಕಾರದ್ದು, ನಡೆಯುವ ಜಾಗ ಮಾತ್ರ ಅವರವರ ಪಾಲಿಗೆ. ಫುಟ್‌ಪಾತ್ ಇಲ್ಲದ ಕಡೆ, ಸಾಧ್ಯವಾದರೆ, ರಸ್ತೆಯ ಎಡಬದಿಯಲ್ಲಿ ಎದುರು ಬರುವ ವಾಹನಗಳಿಗೆ ಮುಖಮಾಡಿ ನಡೆಯಿರಿ ಅನ್ನುತ್ತೆ ಟೆಕ್ಸಾಸ್ ಕಾನೂನು. ಒನ್‌ವೇ ಫೀಡರಿನಲ್ಲಿ ಅದು ಹೇಗೋ ದೇವರೇ ಬಲ್ಲ.

ಹ್ಯೂಸ್ಟನ್‌ನಲ್ಲಿ ಝೋನಿಂಗ್ ಕಾನೂನೇ ಇಲ್ಲ. ಅಂದ್ರೆ ಮನೆ ಪಕ್ಕದಲ್ಲೇ ಅಂಗಡಿ ಬರಬಹುದು, ನಡೆಯುವವರಿಗೆ ಅನುಕೂಲವಾಗಬೇಕಿತ್ತು. ಆಗಲಿಲ್ಲ. ಡೌನ್‌ಟೌನ್ ಮತ್ತು ಇನ್ನು ಕೆಲವು ಭಾಗ ಬಿಟ್ಟರೆ, ಕಟ್ಟಡ ಕಟ್ಟುವವರು ಇಂತಿಷ್ಟು ಕಾರಿಗೆ ಪಾರ್ಕಿಂಗ್ ಕೊಡಲೇಬೇಕು. ಹಾಗಾಗಿ ಅಂಗಡಿಯ ಹತ್ತಿರ ಬಂದ ಮೇಲೂ ಕಾದ ಡಾಂಬರಿನ ಮೈದಾನ ದಾಟದೆ ಬಾಗಿಲು ಸಿಗಲ್ಲ.

ಡೌನ್‌ಟೌನಿನಲ್ಲಾದರೂ ನಡೆಯೋಣ ಅಂತ ಭಾನುವಾರ ಹೋದೆ. ಬೀದಿಗಳು ಬಿಕೋ ಅನ್ನುತ್ತಿದ್ದವು. ಜನ ಓಡಾಡೋದು ನೆಲದಡಿಯ ಸುಮಾರು 10 ಕಿ.ಮೀ. ಸುರಂಗಗಳಲ್ಲಂತೆ, ಅದೂ ವಾರದ ದಿನ, ಆಫೀಸ್ ಹೊತ್ತಿನಲ್ಲಿ. ಬಾಗಿಲು ಹಾಕಿತ್ತು.

ಸೈಕಲ್ ಹಿಡಿದಾಗ ಮಾತ್ರ ಊರು ಚೆನ್ನಾಗಿ ಕಂಡಿತು. ಬಫಲೋ ಬಯೂ ತೊರೆಯ ದಂಡೆಯ ದಾರಿ ನೆರಳಾಗಿದೆ. ಇಂಥ ದಾರಿಗಳಿಗಾಗಿ 2012ರಲ್ಲಿ ಜನರೇ ಮತ ಹಾಕಿ 10 ಕೋಟಿ ಡಾಲರ್ ಸಾಲಕ್ಕೆ ಒಪ್ಪಿದ್ದರು. ಆದರೆ ತೊರೆ ಎತ್ತ ಹರಿಯುತ್ತೋ ದಾರಿಯೂ ಅತ್ತಲೇ. ಕೆಲಸ, ದಿನಸಿ, ಆಸ್ಪತ್ರೆ ಎಲ್ಲ ಇರೋದು ರಸ್ತೆಯ ಮೇಲೆ.

ಮೊದಲ ದಿನ ಹಾಲು ಹಿಡಿದು ವಾಪಸ್ ಬರುವಾಗ ಬಸ್ ಸ್ಟಾಪಿನಲ್ಲಿ, ಅಂದರೆ ಹುಲ್ಲಿನ ಮೇಲೆ ನೆಟ್ಟ ಕಂಬದ ಹತ್ತಿರ, ಎರಡು ಚೀಲ ಹಿಡಿದ ಒಬ್ಬ ಹೆಂಗಸು ನಿಂತಿದ್ದರು. ‘ಕಾರು ಕೆಟ್ಟೋಯ್ತಾ?’ ಅಂತ ಕೇಳಿದರು. ಕಾರೇ ಇಲ್ಲ ಅಂದೆ. ‘ನನಗೂ ಇಲ್ಲ’ ಅಂದು, ಬೇಲಿ ಪಕ್ಕದಲ್ಲಿ ಹುಲ್ಲು ಸವೆದು ಬಿದ್ದಿದ್ದ ಕಾಲುದಾರಿ ತೋರಿಸಿದರು.