ಮೊಮ್ಮಕ್ಕಳಿಗೆ ರೈಲು ಕೊಳ್ಳುವ ಮುನ್ನ

ಪೆರ್ನಾಲ್ ಹತ್ತಿರ ಬಂದಾಗ, ಗಲ್ಫಿನಲ್ಲಿರುವ ಮಗನೋ ಅಳಿಯನೋ ಊರಿಗೆ ಹೊರಟಾಗ ಅಜ್ಜಂದಿರ ಫೋನ್ ಹೋಗುತ್ತದೆ: ''ಮಕ್ಕಳಿಗೆ ಒಂದು ರೈಲು ತಾ.'' ದೊಡ್ಡ ಪೆಟ್ಟಿಗೆ ಬರುತ್ತದೆ. ಮೊದಲ ದಿನ ಮನೆಯಿಡೀ ಗಮ್ಮತ್ತು. ಎಂಟು ದಿನದಲ್ಲಿ ಹಳಿಯ ತುಂಡೊಂದು ಮುರಿದು, ಸಣ್ಣವನಿಗೆ ನಾಲ್ಕು ಬೈಗುಳ ಬಿದ್ದು, ರೈಲು ಕಪಾಟಿನ ಮೇಲೆ ಏರುತ್ತದೆ. ತಪ್ಪು ಮಗುವಿನದ್ದಲ್ಲ. ಅದರ ಪ್ರಾಯಕ್ಕೆ ಹೊಂದದ ರೈಲು ಮನೆಗೆ ಬಂದಿದೆ, ಅಷ್ಟೇ.

ರೈಲಿನಲ್ಲಿ ಎರಡು ನಮೂನೆ ಉಂಟು. ಒಂದು ಆಟಿಕೆ. ಇನ್ನೊಂದು ನಿಜವಾದ ರೈಲನ್ನು ಅಳತೆ ಹಿಡಿದು ಚಿಕ್ಕದು ಮಾಡಿದ ಮಾದರಿ. ಮಾದರಿಗಳಲ್ಲಿ ಹೆಚ್ಚು ಚಾಲ್ತಿಯಲ್ಲಿರುವ ಎಚ್‌ಒ ಅಳತೆ ಎಂದರೆ ಅಸಲಿನ 87ರಲ್ಲಿ ಒಂದು ಪಾಲು. ಸುಮಾರು 24 ಮೀಟರ್ ಉದ್ದದ ನಮ್ಮ ಎಲ್‌ಎಚ್‌ಬಿ ಬೋಗಿ ಈ ಲೆಕ್ಕದಲ್ಲಿ 27-28 ಸೆಂಟಿಮೀಟರ್ ಆಗುತ್ತದೆ. ಹಳಿಗಳ ನಡುವಿನ ಅಂತರ ಬರೀ 16.5 ಮಿಲಿಮೀಟರ್. ಎನ್ ಅಳತೆ ಇನ್ನೂ ಸಣ್ಣದು, 160ರಲ್ಲಿ ಒಂದು. ನೋಡಲು ಚೆಂದ, ಆದರೆ ಸಣ್ಣ ಕೈಯಲ್ಲಿ ಬಾಳುವುದಿಲ್ಲ. ಇಂಥ ಹಲವು ಪೆಟ್ಟಿಗೆಗಳ ಮೇಲೆ 14 ವರ್ಷ ಮೇಲ್ಪಟ್ಟವರಿಗೆ ಎಂದೇ ಬರೆದಿರುತ್ತದೆ. ಬೆಲೆ ನೋಡುವ ಮೊದಲು ಅದನ್ನು ಓದಿ.

ಮೂರು ವರ್ಷದ ಒಳಗಿನ ಮಗುವಿಗೆ ಕೈಯಲ್ಲಿ ದೂಡುವ, ಬಿಡಿ ತುಂಡುಗಳಿಲ್ಲದ ದೊಡ್ಡ ರೈಲು ಸಾಕು. ಮೂರು ದಾಟಿದವರಿಗೆ ಮರದ ಹಳಿಯ ರೈಲು ಒಳ್ಳೆಯದು. ನಾಲ್ಕೈದು ವರ್ಷಕ್ಕೆ ಸೆಲ್ ಹಾಕಿ ಓಡಿಸುವ ಪ್ಲಾಸ್ಟಿಕ್ ರೈಲು ಆಗುತ್ತದೆ. ಕರೆಂಟಿನ ಮಾದರಿ ರೈಲು ಎಂಟು ದಾಟಿದ ಮೇಲೆ ಇರಲಿ, ಆಗಲೂ ದೊಡ್ಡವರೊಬ್ಬರು ಪಕ್ಕದಲ್ಲಿ ಕೂರಬೇಕು.

ಈ ಮಾತನ್ನು ಮಾತ್ರ ಮರೆಯಬೇಡಿ. ಮರದ ರೈಲಿನ ಬೋಗಿಗಳನ್ನು ಜೋಡಿಸುವುದು ಅಯಸ್ಕಾಂತ. ಅದು ಕಳಚಿ ಬಂದರೆ ಆ ಬೋಗಿಯನ್ನು ಆಟದಿಂದ ತೆಗೆದಿಡಿ. ಎರಡು ಅಯಸ್ಕಾಂತ ನುಂಗಿದರೆ ಅವು ಹೊಟ್ಟೆಯೊಳಗೆ ಒಂದಕ್ಕೊಂದು ಅಂಟಿ ಕರುಳನ್ನೇ ತೂತು ಮಾಡಬಹುದು. ಗುಂಡಿಯಂಥ ಸಣ್ಣ ಸೆಲ್ ಗಂಟಲ ಕೆಳಗೆ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೆ ಅನ್ನನಾಳವನ್ನು ಸುಡಬಲ್ಲದು. ನುಂಗಿದ ಸಂಶಯ ಬಂದರೂ ಸಾಕು, ಮನೆಮದ್ದು ಮಾಡುತ್ತಾ ಕೂರದೆ ನೇರ ಆಸ್ಪತ್ರೆಗೆ ಓಡಿ.

ಇಲ್ಲೇ ಖರೀದಿ ಮಾಡುವುದಾದರೆ ಐಎಸ್‌ಐ ಗುರುತು ನೋಡಿ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಾರುವ ಆಟಿಕೆಗಳಿಗೆ ಅದು ಕಡ್ಡಾಯ. ಹೊರದೇಶದಿಂದ ತರಿಸುವುದಾದರೆ ಅಡಾಪ್ಟರ್ ಮೇಲಿನ ಅಕ್ಷರ ಓದಲು ಹೇಳಿ. 100-240 ವೋಲ್ಟ್ ಎಂದಿದ್ದರೆ ತೊಂದರೆ ಇಲ್ಲ. ಅಮೆರಿಕದ 120 ವೋಲ್ಟಿನದ್ದನ್ನು ನಮ್ಮ 230 ವೋಲ್ಟಿನ ಪ್ಲಗ್ಗಿಗೆ ಹಾಕಿದರೆ ಸುಟ್ಟೇ ಹೋಗುತ್ತದೆ.

ಮನೆಯಲ್ಲಿ ನಾಲ್ಕೈದು ಮೊಮ್ಮಕ್ಕಳಿದ್ದರೆ? ಒಬ್ಬನಿಗೆ ತಂದರೆ ಉಳಿದವರ ಮುಖ ಬಾಡುತ್ತದೆ; ಎಲ್ಲರಿಗೂ ತರಲು ಕಿಸೆ ಬಿಡುವುದಿಲ್ಲ. ಅದಕ್ಕೊಂದು ಉಪಾಯ ಉಂಟು. ಹಳಿ ಮತ್ತು ಇಂಜಿನ್ ಇಡೀ ಮನೆಗೆ ಒಂದೇ ಇರಲಿ. ತಲೆಗೊಂದು ಬೋಗಿ ಕೊಡಿ, ಹೆಣ್ಣು ಮಕ್ಕಳಿಗೂ ಸೇರಿ. ಪ್ರತಿಯೊಂದರ ಅಡಿಯಲ್ಲಿ ಮಗುವಿನ ಹೆಸರು ಬರೆದುಬಿಡಿ. ಎಲ್ಲರ ಬೋಗಿ ಸೇರಿದರೆ ಮಾತ್ರ ಉದ್ದದ ರೈಲು ಆಗುತ್ತದೆ ಎಂದು ಮಕ್ಕಳಿಗೆ ಬೇಗ ತಿಳಿಯುತ್ತದೆ.

ಇನ್ನುಳಿದದ್ದು ನಿಮ್ಮ ಕೆಲಸ. ಚಾಪೆ ಹಾಸಿ ಮಕ್ಕಳೊಟ್ಟಿಗೆ ಕೂರಿ. ಮಂಡಿನೋವಾದರೆ ಕುರ್ಚಿಯಲ್ಲಾದರೂ ಆದೀತು. 1979ರಲ್ಲಿ ಮಂಗಳೂರು-ಹಾಸನ ನಡುವೆ ಶುರುವಾದ ಮೀಟರ್‌ಗೇಜ್ ರೈಲಿನಲ್ಲಿ ಹೋದವರು ನಿಮ್ಮಲ್ಲಿ ಎಷ್ಟೋ ಮಂದಿ ಇದ್ದೀರಿ. ಸುಬ್ರಹ್ಮಣ್ಯದಿಂದ ಸಕಲೇಶಪುರದವರೆಗೆ ಘಾಟಿಯಲ್ಲಿ 57 ಸುರಂಗ. ಚಪ್ಪಲಿ ಪೆಟ್ಟಿಗೆಯ ಎರಡೂ ಬದಿ ಕತ್ತರಿಸಿದರೆ ಒಂದು ಸುರಂಗ ತಯಾರು. ರೈಲು ಅದರೊಳಗೆ ನುಗ್ಗುವಾಗ ನೀವು ಕಂಡ ಘಾಟಿಯ ಕಥೆ ಹೇಳಿ. ಅಂಗಡಿಯವನು ಅದನ್ನು ಪೆಟ್ಟಿಗೆಯಲ್ಲಿ ಹಾಕಿ ಕೊಡುವುದಿಲ್ಲ ಮಾರಾಯ್ರೇ, ಅದು ನಿಮ್ಮಿಂದಲೇ ಸಿಗಬೇಕು.